ಕರಾವಳಿಯ ಕಡಲತಳಕ್ಕೆ ಕೃತಕ ಬಂಡೆ: ಜಾಗ ಮೊದಲು, ಅಚ್ಚು ಆಮೇಲೆ

ಕೃತಕ ಬಂಡೆ ಎಂದರೆ ಕಡಲತಳಕ್ಕೆ ಇಳಿಸುವ ಕಾಂಕ್ರೀಟ್ ಬ್ಲಾಕುಗಳ ಗುಂಪು. ಅದರ ಕೆಲಸ ಕೆಡುವುದು ಹೆಚ್ಚಾಗಿ ದಡದಲ್ಲೇ. ಅಚ್ಚು ಮೊದಲು ತಯಾರಾಗುತ್ತದೆ, ಜಾಗ ಆಮೇಲೆ ಹುಡುಕುತ್ತಾರೆ. ಕೆಸರಿಗೆ ಬಿದ್ದ ಬ್ಲಾಕು ಒಂದೆರಡು ಮಳೆಗಾಲದಲ್ಲಿ ಹೂತುಹೋಗುತ್ತದೆ, ಆಳವಿಲ್ಲದ ಕಡೆ ಬಿದ್ದದ್ದು ತೂಫಾನಿಗೆ ಉರುಳುತ್ತದೆ. ಹಾಗಾಗಿ ಈ ಬರಹದಲ್ಲಿ ತಳ ಮತ್ತು ತೂಕದ ಲೆಕ್ಕಕ್ಕೇ ಹೆಚ್ಚು ಜಾಗ. ಇಲ್ಲಿನ ಅಳತೆಗಳೆಲ್ಲ ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕಡಲಿಗೆ ಹೊಂದುವಂಥವು. ಬೇರೆ ಕಡಲಿಗೆ ಲೆಕ್ಕದ ದಾರಿ ಅದೇ, ಅಂಕಿಗಳು ಬೇರೆ.

ಯಾವುದಕ್ಕೆ ಬೇಕು ಎನ್ನುವುದನ್ನು ಬರೆದಿಡಿ

ಬಂಡೆಯನ್ನು ಮೂರು ಉದ್ದೇಶಕ್ಕೆ ಹಾಕುತ್ತಾರೆ: ಮೀನಿಗೆ ನೆಲೆ ಮಾಡಿಕೊಡಲು, ತಳ ಗೀರುವ ಟ್ರಾಲ್ ಬಲೆಯನ್ನು ತಡೆಯಲು, ಹವಳ ಬೆಳೆಸಲು. ಒಂದೇ ಅಚ್ಚು ಮೂರನ್ನೂ ಚೆನ್ನಾಗಿ ಮಾಡುವುದಿಲ್ಲ. ಟ್ರಾಲ್ ತಡೆಗೆ ಭಾರವಾದ, ಚೂಪುಮೂಲೆಯ ಬ್ಲಾಕು ದೂರದೂರಕ್ಕೆ ಸಾಕು. ಮೀನಿನ ನೆಲೆಗೆ ಪೊಳ್ಳು, ನೆರಳು, ಬಗೆಬಗೆಯ ತೂತು ಬೇಕು.

ಹವಳದ ಆಸೆಯನ್ನು ನಮ್ಮ ಕರಾವಳಿಯ ಬಹುಭಾಗದಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು. ಮುರುಡೇಶ್ವರದಾಚೆಯ ನೇತ್ರಾಣಿಯಂಥ ದ್ವೀಪಗಳ ಸುತ್ತ ಹವಳವಿದೆ, ನಿಜ. ಆದರೆ ದಡದ ಹತ್ತಿರದ ನೀರು ಮಳೆಗಾಲದಲ್ಲಿ ಹೊಳೆಗಳು ತರುವ ರಾಡಿಯಿಂದ ಕದಡಿರುತ್ತದೆ, ತಳಕ್ಕೆ ಬೆಳಕು ಮುಟ್ಟುವುದಿಲ್ಲ. ಇಲ್ಲಿ ಬ್ಲಾಕಿನ ಮೇಲೆ ನೆಲೆಸುವವು ಬಾರ್ನಕಲ್, ಪಚ್ಚಿಲೆ, ಕಲ್ಲಿಗೆ ಅಂಟುವ ಚಿಪ್ಪುಜೀವಿಗಳು, ಸ್ಪಂಜು, ಹುಳಗೂಡುಗಳು. ಮುರು ಮೀನು, ಕೆಂಬೇರಿ, ಬೊಂಡಾಸಿನಂಥವು ಹುಡುಕುವುದು ಈ ಒರಟು ಮೈಯನ್ನು, ಅದರೊಳಗಿನ ಗವಿಯನ್ನು. ಇದೇ ಸಾಕಷ್ಟು ದೊಡ್ಡ ಗುರಿ. ತೂತುಕುಡಿ ಬಳಿಯ ವಾನ್ ದ್ವೀಪದ ಸುತ್ತ 10,000ಕ್ಕೂ ಹೆಚ್ಚು ತೂತಿನ ಬ್ಲಾಕುಗಳನ್ನು ಇಳಿಸಿದ್ದು ಬೇರೆಯೇ ಲೆಕ್ಕದಲ್ಲಿ. ಅಲ್ಲಿ ಕರಗುತ್ತಿದ್ದ ದ್ವೀಪಕ್ಕೆ ಬಡಿಯುವ ಅಲೆಯ ಹೊಡೆತವನ್ನೂ ತಗ್ಗಿಸಬೇಕಿತ್ತು. ಆ ಅಚ್ಚನ್ನು ಹಾಗೇ ತಂದು ಮಲ್ಪೆಯೆದುರು ಇಳಿಸಿದರೆ ಅದೇ ಫಲ ಸಿಗುವುದಿಲ್ಲ.

ತಳ ನೋಡುವುದು

ನಮ್ಮ ಕಡಲಲ್ಲಿ ದಡದ ಹತ್ತಿರ ಮರಳು, ಸ್ವಲ್ಪ ಆಚೆಗೆ ಹೋದರೆ ಬಹಳ ಕಡೆ ಹೂಳುಕೆಸರು. ಇದೇ ಮೊದಲ ಕಂಟಕ. ಯಾವ ಕಡೆ ಗಟ್ಟಿ ಮರಳು, ಎಲ್ಲಿ ಚಿಪ್ಪು ಬೆರೆತ ನೆಲ, ಎಲ್ಲಿ ಆಂಕರ್ ಜಾರುತ್ತದೆ ಎನ್ನುವುದನ್ನು ನಾಡದೋಣಿಯವರು ಮಾರುಗಳ ಲೆಕ್ಕದಲ್ಲಿ ಹೇಳಬಲ್ಲರು. ಮೊದಲು ಅವರನ್ನು ಕೇಳಿ ನಾಲ್ಕೈದು ಜಾಗ ಗುರುತಿಸಿ, ಆಮೇಲೆ ಯಂತ್ರ ತನ್ನಿ.

ಪ್ರತಿ ಜಾಗದಲ್ಲೂ ಎಕೋಸೌಂಡರ್‌ನಿಂದ ಆಳದ ನಕ್ಷೆ, ಸೈಡ್‌ಸ್ಕ್ಯಾನ್ ಸೋನಾರ್‌ನಿಂದ ತಳದ ಚಿತ್ರ ತೆಗೆಯಿರಿ. ನೈಸರ್ಗಿಕ ಬಂಡೆ ಕಂಡರೆ ಆ ಜಾಗ ಬಿಡಿ, ಕೆಲವು ನೂರು ಮೀಟರ್ ದೂರ ಸರಿಯಿರಿ. ಇರುವ ಬಂಡೆಯ ಮೇಲೆ ಬ್ಲಾಕು ಬಿದ್ದರೆ ಕಳೆದದ್ದೇ ಹೆಚ್ಚು. ಗ್ರ್ಯಾಬ್‌ನಿಂದ ಕನಿಷ್ಠ ಒಂಬತ್ತು ಕಡೆ ಮಣ್ಣು ಎತ್ತಿ ಜರಡಿ ಹಿಡಿಯಿರಿ. ಅರ್ಧಕ್ಕಿಂತ ಹೆಚ್ಚು ನುಣುಪು ಕೆಸರಿದ್ದರೆ ಆ ಜಾಗಕ್ಕೆ ಬ್ಲಾಕು ಬೇಡ.

ಮುಳುಗುಗಾರರಿಂದ ಇನ್ನೊಂದು ಸರಳ ಪರೀಕ್ಷೆ ಮಾಡಿಸಿ. 16 ಮಿ.ಮೀ. ದಪ್ಪದ, 2 ಮೀಟರ್ ಉದ್ದದ ಕಬ್ಬಿಣದ ಸರಳನ್ನು ಕೈಯಿಂದ ತಳಕ್ಕೆ ಒತ್ತಬೇಕು. 30 ಸೆಂ.ಮೀ. ಒಳಗೆ ನಿಂತರೆ ಒಳ್ಳೆಯ ನೆಲ. 60 ಸೆಂ.ಮೀ. ದಾಟಿ ಸಲೀಸಾಗಿ ಇಳಿದರೆ ಬೇರೆ ಜಾಗ ನೋಡಿ. ನಡುವೆ ಇದ್ದರೆ ಮಣ್ಣಿನ ಕೊಳವೆ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ವೇನ್ ಶಿಯರ್ ಪರೀಕ್ಷೆ (ಮಣ್ಣಿನೊಳಗೆ ರೆಕ್ಕೆಯ ಸಲಾಕೆ ತಿರುಗಿಸಿ ಅದರ ಗಟ್ಟಿತನ ಅಳೆಯುವುದು) ಮಾಡಿಸಿ. ಆ ಅಂಕಿಯನ್ನು ಸುಮಾರು ಆರರಿಂದ ಗುಣಿಸಿದರೆ ಮೆತ್ತನೆಯ ಜೇಡಿ ಎಷ್ಟು ಭಾರ ಹೊರಬಲ್ಲದು ಎಂದು ಗೊತ್ತಾಗುತ್ತದೆ. 2 ಕಿಲೋಪಾಸ್ಕಲ್ ಬಂದರೆ ಚದರ ಮೀಟರಿಗೆ ಸುಮಾರು 1,200 ಕಿಲೋ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅದರ ಮೂರನೇ ಒಂದು ಪಾಲು ಮಾತ್ರ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಮಳೆಗಾಲದಲ್ಲಿ, ಅದರಲ್ಲೂ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಅರಬ್ಬೀ ಸಮುದ್ರದ ಆಳದಿಂದ ಮೇಲೇರಿದ ತಣ್ಣನೆಯ ನೀರು ಗೋವಾ-ಕರ್ನಾಟಕದ ಕಡಲತಟ್ಟೆಯ ಮೇಲೆ ಹರಡುತ್ತದೆ. ಅದರಲ್ಲಿ ಆಮ್ಲಜನಕ ತೀರ ಕಡಿಮೆ. ಮೀನು ಈಜಿ ಪಾರಾಗುತ್ತದೆ, ಬ್ಲಾಕಿಗೆ ಅಂಟಿದ ಜೀವ ಎಲ್ಲಿಗೆ ಹೋದೀತು? ಆದ್ದರಿಂದ ಆ ಎರಡು ತಿಂಗಳಲ್ಲಿ ತಳದ ನೀರಿನ ಆಮ್ಲಜನಕವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಅಳೆಯಿರಿ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ವಾರಗಟ್ಟಲೆ ನಿಲ್ಲುವ ಜಾಗವಾದರೆ ಅಲ್ಲಿ ಪ್ರತಿವರ್ಷ ಬೆಳೆದದ್ದು ಪ್ರತಿವರ್ಷ ಸಾಯುತ್ತದೆ. ಡಿಸೆಂಬರಿನಲ್ಲಿ ಮಾತ್ರ ಸಮೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಇದರ ಜೊತೆಗೆ ಹೊಳೆಬಾಯಿಯ ಹೂಳು, ಹಡಗಿನ ದಾರಿ, ತಳದ ಕೇಬಲ್ಲು, ಟ್ರಾಲ್ ಎಳೆಯುವ ಹಾದಿ ಇವೆಲ್ಲದರಿಂದ ದೂರವಿರಬೇಕು. ಬ್ಲಾಕು ಇಳಿಸದ, ಅದೇ ಆಳ ಅದೇ ನೆಲದ ಎರಡು ಜಾಗಗಳನ್ನೂ ಈಗಲೇ ಆರಿಸಿ ಅಲ್ಲಿನ ಮೀನನ್ನೂ ಎಣಿಸಿಡಿ. ಮುಂದೆ ಹೋಲಿಸಲು ಅವಿಲ್ಲದಿದ್ದರೆ ಬಂಡೆಯಿಂದ ಏನಾಯಿತೆಂದು ಹೇಳಲು ಆಧಾರವೇ ಇರುವುದಿಲ್ಲ.

ಬ್ಲಾಕು: ಒಂದು ಮಾದರಿ

ನಾಲ್ಕು ಮುಖದ ಮೊಟಕು ಗೋಪುರ, ಕೆಳಗೊಂದು ಅಗಲ ಹಲಗೆ. ಹಲಗೆ 1.4 ಮೀ. × 1.4 ಮೀ., ದಪ್ಪ 15 ಸೆಂ.ಮೀ. ಗೋಪುರದ ಬುಡ 1.2 ಮೀ., ತುದಿ 0.7 ಮೀ., ಎತ್ತರ 1 ಮೀ., ಗೋಡೆ 12 ಸೆಂ.ಮೀ. ಗೋಡೆಯ ಶೇ. 30ರಷ್ಟು ಭಾಗ ತೂತು. ಇದಕ್ಕೆ ಸುಮಾರು 0.59 ಘನ ಮೀಟರ್ ಕಾಂಕ್ರೀಟ್ ಬೇಕು. ತೂಕ 1,410 ಕಿಲೋ ಆಸುಪಾಸು.

ನೀರಿಗಿಳಿದ ಮೇಲೆ ಆ ತೂಕ ಉಳಿಯುವುದಿಲ್ಲ. ಘನ ಮೀಟರಿಗೆ ಸಮುದ್ರದ ನೀರು 1,025 ಕಿಲೋ, ಕಾಂಕ್ರೀಟ್ 2,400 ಕಿಲೋ. ಆದ್ದರಿಂದ ತಳದ ಮೇಲೆ ಕೂರುವ ಭಾರ ಸುಮಾರು 808 ಕಿಲೋ. ಅಗಲ ಹಲಗೆ ಏಕೆ ಬೇಕೆನ್ನುವುದು ಇಲ್ಲಿ ಗೊತ್ತಾಗುತ್ತದೆ. ಹಲಗೆಯಿದ್ದರೆ ಚದರ ಮೀಟರಿಗೆ 412 ಕಿಲೋ ಒತ್ತಡ, ಮೇಲೆ ಹೇಳಿದ ಮೆತ್ತನೆಯ ನೆಲದ ಮಿತಿಗೆ ಹೆಚ್ಚುಕಡಿಮೆ ಸಮ. ಅದೇ ಭಾರವನ್ನು 15 ಸೆಂ.ಮೀ. ಚೌಕದ ನಾಲ್ಕು ಕಾಲುಗಳ ಮೇಲೆ ನಿಲ್ಲಿಸಿದರೆ ಒತ್ತಡ 9,000 ಕಿಲೋ ಹತ್ತಿರಕ್ಕೆ ಹೋಗುತ್ತದೆ. ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತದೆ. ಕಾಲಿನ ಬ್ಲಾಕುಗಳು ಚಿತ್ರದಲ್ಲಿ ಚೆಂದ, ಕೆಸರಿನಲ್ಲಿ ಅಲ್ಲ.

ಇನ್ನು ಅಲೆ. ಬಿರುಗಾಳಿಯ ಹೊತ್ತಿಗೆ 5 ಮೀಟರ್ ಎತ್ತರದ, 11 ಸೆಕೆಂಡಿಗೊಂದರಂತೆ ಬರುವ ಅಲೆಯನ್ನು ಲೆಕ್ಕಕ್ಕೆ ಹಿಡಿಯೋಣ. 2019ರ ಅಕ್ಟೋಬರಿನ ಕ್ಯಾರ್, 2021ರ ಮೇ ತಿಂಗಳ ತೌಕ್ತೆ ನೋಡಿದ ಕರಾವಳಿಗೆ ಇದು ಅತಿಯಲ್ಲ. ಜೊತೆಗೆ ಸೆಕೆಂಡಿಗೆ 0.3 ಮೀಟರ್ ಸೆಳೆತ. ಆಗ ತಳದಲ್ಲಿ ನೀರು ಹಿಂದುಮುಂದಕ್ಕೆ ಓಡುವ ವೇಗ 10 ಮೀ. ಆಳದಲ್ಲಿ ಸೆಕೆಂಡಿಗೆ 2.5 ಮೀ., 15 ಮೀ. ಆಳದಲ್ಲಿ ಸುಮಾರು 2 ಮೀ., 20 ಮೀ. ಆಳದಲ್ಲಿ 1.65 ಮೀ., 25 ಮೀ. ಆಳದಲ್ಲಿ 1.4 ಮೀ. ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಬ್ಲಾಕು ನೀರಿಗೊಡ್ಡುವ ಮೈ 0.9 ಚದರ ಮೀಟರ್ ಎಂದೂ ತಡೆಯ ಗುಣಾಂಕ 1.5 ಎಂದೂ ಹಿಡಿದರೆ ಬಲ ಕ್ರಮವಾಗಿ ಸುಮಾರು 440, 275, 190, 140 ಕಿಲೋ. ಮರಳಿನ ಮೇಲೆ ಬ್ಲಾಕು ಜಾರದೆ ಹಿಡಿದು ನಿಲ್ಲುವ ಬಲ ಅದರ ನೀರೊಳಗಿನ ಭಾರದ ಅರ್ಧ, ಅಂದರೆ 404 ಕಿಲೋ.

ಅಂದಮೇಲೆ 10 ಮೀಟರಿನಲ್ಲಿ ಇದು ಜಾರುವುದು ಖಚಿತ. 15 ಮೀಟರಿನಲ್ಲಿ ಒಂದೂವರೆ ಪಟ್ಟಿನೊಳಗಿನ ಭದ್ರತೆ, ನೀರು ಮೇಲಕ್ಕೆತ್ತುವ ಬಲವನ್ನೂ ಸೇರಿಸಿದರೆ ಅದೂ ಸಾಲದು. 20 ಮೀಟರ್, ಎಂದರೆ 11 ಮಾರು ದಾಟಿದ ಮೇಲೆ ಎರಡು ಪಟ್ಟು ಭದ್ರತೆ ಸಿಗುತ್ತದೆ. ಈ ಬ್ಲಾಕಿಗೆ 20ರಿಂದ 25 ಮೀಟರ್ ಸರಿಯಾದ ಆಳ. ಆಳ ಕಡಿಮೆ ಮಾಡಲೇಬೇಕೆಂದರೆ ಹಲಗೆಯನ್ನು ದಪ್ಪ ಮಾಡಿ, ಗೋಪುರವನ್ನು ಎತ್ತರಿಸಬೇಡಿ. ಎತ್ತರಿಸಿದಷ್ಟೂ ಬುಡ ಮಗುಚುವ ಭಯ ಹೆಚ್ಚು. ಕೊನೆಯ ವಿನ್ಯಾಸವನ್ನು ಆ ಜಾಗದ ಅಲೆಯ ದಾಖಲೆ ಹಿಡಿದು ಸಾಗರ ಎಂಜಿನಿಯರರಿಂದ ಲೆಕ್ಕ ಹಾಕಿಸಿ. ಮೇಲಿನದು ಅಚ್ಚಿಗೆ ಹಣ ಸುರಿಯುವ ಮೊದಲು ಮಾಡಬೇಕಾದ ಒರಟು ಲೆಕ್ಕ.

ತೂತುಗಳು

ಒಂದೇ ಅಳತೆಯ ತೂತು ಕೊರೆಯುವುದು ಸುಲಭ, ಆದರೆ ಒಂದೇ ಅಳತೆಯ ಮೀನಿಗಷ್ಟೇ ಅದು ಮನೆ. ಪ್ರತಿ ಮುಖದಲ್ಲೂ 25-30 ಸೆಂ.ಮೀ.ನ ಒಂದು, 15 ಸೆಂ.ಮೀ.ನ ಎರಡು ಮೂರು, 8 ಸೆಂ.ಮೀ.ನ ಹಲವು ಇರಲಿ. ಒಳಗೋಡೆಗೆ 5 ಸೆಂ.ಮೀ. ಅಗಲದ, ಆಚೆ ತೆರೆಯದ ಗುಳಿಗಳನ್ನೂ ಬಿಡಿ. ಮರಿಗಳು, ಏಡಿ, ಚಿಕ್ಕ ಸಿಗಡಿ ಅಡಗುವುದು ಅಲ್ಲೇ. ದೊಡ್ಡ ತೂತುಗಳು ಎದುರುಬದುರಾಗಿರಬೇಕು, ಇಲ್ಲದಿದ್ದರೆ ಒಳಗೆ ನೀರು ಹರಿಯದೆ ಹೂಳು ತುಂಬಿ ಗವಿ ಸಾಯುತ್ತದೆ. ಕೆಳಗಿನ ಸಾಲಿನ ತೂತು ಹಲಗೆಯಿಂದ 20 ಸೆಂ.ಮೀ. ಮೇಲೆ ಶುರುವಾಗಲಿ, ಬ್ಲಾಕು ಸ್ವಲ್ಪ ಕುಸಿದರೂ ಬಾಯಿ ಮುಚ್ಚದಂತೆ.

ತುದಿಯ ಬಾಯಿಯ ವಿಷಯದಲ್ಲಿ ರಾಜಿ ಬೇಡ. ನಮ್ಮ ಕಡಲಿಗೆ ಆಲಿವ್ ರಿಡ್ಲೆ ಆಮೆ ಬರುತ್ತದೆ. ಅದರ ಚಿಪ್ಪು 60-70 ಸೆಂ.ಮೀ. ಉದ್ದ. ಮೈ ತೂರಿಸಿ ಹಿಂದೆ ಸರಿಯಲಾಗದ ಬಾಯಿ ಸಿಕ್ಕರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ತುದಿಯನ್ನು 30 ಸೆಂ.ಮೀ.ಗಿಂತ ಚಿಕ್ಕ ಬಾಯಿಯ ಮುಚ್ಚಳದಿಂದ ಮುಚ್ಚಿ. ಮುಚ್ಚಳವನ್ನು ಗೋಡೆಯ ಜೊತೆಗೇ ಎರಕ ಹೊಯ್ಯಿರಿ. ಸಡಿಲವಾಗಿ ಕೂರಿಸಿದ್ದು ಮೊದಲ ಮಳೆಗಾಲಕ್ಕೇ ಕಾಣೆಯಾಗುತ್ತದೆ.

ಕಾಂಕ್ರೀಟ್

ಸಾಧಾರಣ ಸಿಮೆಂಟಿನ ಹಸಿ ಕಾಂಕ್ರೀಟ್ ಮೈಯ ಪಿಎಚ್ 12ಕ್ಕೂ ಮೇಲೆ, ಸಮುದ್ರದ್ದು 8ರ ಆಸುಪಾಸು. ಸುಣ್ಣ ಬಿಡುವ ಮೈಗೆ ಮರಿಜೀವಿಗಳು ತಡವಾಗಿ ಅಂಟುತ್ತವೆ. ಅರ್ಧ ಸಿಮೆಂಟಿನ ಬದಲು ಕಬ್ಬಿಣದ ಊದುಕುಲುಮೆಯ ಸ್ಲ್ಯಾಗ್ (ಕಿಟ್ಟ) ಪುಡಿ, ಅಂದರೆ ಜಿಜಿಬಿಎಸ್ ಬಳಸಿದರೆ ಸುಣ್ಣ ಕಡಿಮೆಯಾಗುತ್ತದೆ, ಉಪ್ಪುನೀರು ಒಳಗಿಳಿಯುವುದೂ ನಿಧಾನವಾಗುತ್ತದೆ. ಸಮುದ್ರದ ನೀರಿಗೆ ಒಡ್ಡುವ ಕಬ್ಬಿಣದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಕನಿಷ್ಠ ಎಂ30 ದರ್ಜೆಯ ಬಲ ಕೇಳುತ್ತದೆ. ನಾವು ಎಂ35 ಹಿಡಿಯುತ್ತೇವೆ.

ಒಂದು ಘನ ಮೀಟರಿಗೆ: ಸಿಮೆಂಟ್ 200 ಕಿಲೋ, ಜಿಜಿಬಿಎಸ್ 200 ಕಿಲೋ, ನೀರು 160 ಲೀಟರ್, ಎಂ-ಸ್ಯಾಂಡ್ 720 ಕಿಲೋ, 12 ಮತ್ತು 20 ಮಿ.ಮೀ. ಜಲ್ಲಿ ಸೇರಿ 1,130 ಕಿಲೋ, ಸೂಪರ್‌ಪ್ಲಾಸ್ಟಿಸೈಸರ್ (ಕಡಿಮೆ ನೀರಲ್ಲೇ ಕಾಂಕ್ರೀಟ್ ಸಲೀಸಾಗಿ ಹರಿಯುವಂತೆ ಮಾಡುವ ರಾಸಾಯನಿಕ) 4 ಕಿಲೋ. ಒಂದು ಬ್ಲಾಕಿಗೆ ಬರುವುದು ಸಿಮೆಂಟ್ ಮತ್ತು ಜಿಜಿಬಿಎಸ್ ತಲಾ 118 ಕಿಲೋ, ನೀರು 94 ಲೀಟರ್. ಮೊದಲು ಪರೀಕ್ಷಾ ಘನಗಳನ್ನು ಹೊಯ್ದು 28 ದಿನಕ್ಕೆ ಒಡೆಸಿ ನೋಡಿ, ನಿಮ್ಮ ಜಲ್ಲಿ-ಮರಳಿಗೆ ತಕ್ಕಂತೆ ತಿದ್ದಿಕೊಳ್ಳಿ. ಕಡಲ ಮರಳು, ಉಪ್ಪುನೀರು ಎರಡೂ ಕೂಡದು.

ಕಬ್ಬಿಣ ಹಾಕುವುದಾದರೆ ಎಲ್ಲ ಕಡೆಯಿಂದಲೂ 50 ಮಿ.ಮೀ. ಕಾಂಕ್ರೀಟಿನ ಮುಚ್ಚಿಗೆ ಇರಲೇಬೇಕು. 12 ಸೆಂ.ಮೀ. ಗೋಡೆಯಲ್ಲಿ ನಡುವೆ ಸರಳಿನ ಒಂದೇ ಬಲೆ ಹಿಡಿಸುತ್ತದೆ. ಕೈಗೆಟಕಿದರೆ ಗಾಜಿನೆಳೆಯ ಸರಳುಗಳೇ ಒಳ್ಳೆಯವು, ತುಕ್ಕಿನ ಪ್ರಶ್ನೆಯೇ ಇಲ್ಲ. ಎತ್ತಲು ಕಬ್ಬಿಣದ ಕೊಂಡಿ ಹುಗಿಯುವ ಅಭ್ಯಾಸ ಬಿಡಿ. ಆ ಕೊಂಡಿ ತುಕ್ಕು ಹಿಡಿದು ಉಬ್ಬಿ ಗೋಡೆಯನ್ನು ಸೀಳುತ್ತದೆ. ಬದಲಿಗೆ ಎದುರುಬದುರಿನ ತೂತಿನ ಮೂಲಕ ಪಾಲಿಯೆಸ್ಟರ್ ಪಟ್ಟಿ ಹಾಯಿಸಿ ಎತ್ತಿ.

ಅಚ್ಚಿಗೆ ಹಳೆಯ ಎಂಜಿನ್ ಆಯಿಲ್, ಡೀಸೆಲ್ ಬಳಿಯುವುದು ಕಟ್ಟಡದ ಕೆಲಸದಲ್ಲಿ ನಡೆಯುತ್ತದೆ, ಇಲ್ಲಿ ನಡೆಯದು. ತೆಂಗಿನೆಣ್ಣೆ ತೆಳ್ಳಗೆ ಸವರಿ. ಮೈ ಒರಟಾಗಬೇಕಾದ ಕಡೆ ಅಚ್ಚಿನ ಒಳಮೈಗೆ ಗಟ್ಟಿ ಸಕ್ಕರೆ ನೀರು ಬಳಿದರೆ ಮೇಲ್ಪದರ ಬೇಗ ಗಟ್ಟಿಯಾಗುವುದಿಲ್ಲ. ಮರುದಿನ ಅಚ್ಚು ಬಿಚ್ಚಿ ನೀರು ಹಾಯಿಸಿ ಬ್ರಷ್‌ನಿಂದ ತಿಕ್ಕಿದರೆ ಜಲ್ಲಿ ಹೊರಬರುತ್ತದೆ. ಎಷ್ಟು ಗಟ್ಟಿ ಪಾಕ ಬೇಕೆಂದು ಒಂದು ತುಂಡಿನ ಮೇಲೆ ಪರೀಕ್ಷಿಸಿ, ಹೆಚ್ಚಾದರೆ ಮೈಯೇ ಉದುರುತ್ತದೆ. ತೊಳೆದು ಬಿಸಿಲಿಗೆ ಒಣಗಿಸಿದ ಪಚ್ಚಿಲೆ, ಮರುವಾಯಿ ಚಿಪ್ಪನ್ನು ಹಸಿ ಮೈಗೆ ಒತ್ತಿದರೂ ಒಳ್ಳೆಯದೇ.

ಗೋಡೆಯ ಹೊರಮೂಲೆಯಲ್ಲಿ 10 ಸೆಂ.ಮೀ.ಗೊಂದು ಗೀರು, ಪ್ರತಿ ಬ್ಲಾಕಿಗೊಂದು ಅಂಕಿ, ಇವನ್ನು ಅಚ್ಚಿನಲ್ಲೇ ಮೂಡಿಸಿ. ಎಷ್ಟು ಹೂತಿದೆ ಎಂದು ಮುಂದೆ ತಿಳಿಯುವುದು ಈ ಗೀರಿನಿಂದಲೇ. ಸ್ಲ್ಯಾಗ್ ಇರುವ ಕಾಂಕ್ರೀಟ್ ನಿಧಾನವಾಗಿ ಬಲ ಪಡೆಯುತ್ತದೆ. 14 ದಿನ ಸಿಹಿನೀರಲ್ಲಿ ನೆನೆಸಿ, 28 ದಿನಕ್ಕೆ ಮೊದಲು ಎತ್ತಬೇಡಿ.

ಕಾಂಕ್ರೀಟು, ಕಪ್ಪುಕಲ್ಲು ಬಿಟ್ಟು ಬೇರೇನೂ ಬೇಡ. ಕರಾವಳಿಯ ಕೆಂಪುಕಲ್ಲು ಮೆತ್ತನೆಯದು, ಹೊಡೆತಕ್ಕೆ ಉದುರುತ್ತದೆ. ಟೈರಿನ ಪಾಠ ಅಮೆರಿಕದ ಫ್ಲೋರಿಡಾದಲ್ಲಿದೆ. 1970ರ ದಶಕದಲ್ಲಿ ಆಸ್ಬೋರ್ನ್ ರೀಫ್ ಹೆಸರಿನಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟಿ ಮುಳುಗಿಸಿದರು. ಕಟ್ಟು ಹರಿದು, ಬಿರುಗಾಳಿಗೆ ಟೈರುಗಳು ಉರುಳಾಡಿ ಪಕ್ಕದ ನಿಜ ಹವಳವನ್ನೇ ಒರೆಸಿಹಾಕಿದವು. ಅವನ್ನು ಎತ್ತುವ ಕೆಲಸ ದಶಕಗಳ ನಂತರವೂ ಮುಗಿಯಲಿಲ್ಲ. ಹಳೆಯ ಫೈಬರ್ ದೋಣಿ, ಬಸ್ಸಿನ ಬಾಡಿ ಎಲ್ಲಕ್ಕೂ ಇದೇ ಮಾತು.

ಒಪ್ಪಿಗೆ

ಮೀನುಗಾರಿಕೆ ಇಲಾಖೆ, ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಬಂದರು ಇಲಾಖೆ, ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ: ಇಷ್ಟು ಕಡೆ ಕಾಗದ ಬೇಕಾಗುತ್ತದೆ. ಹವಳವನ್ನು ಮುಟ್ಟುವ ಕೆಲಸವಿದ್ದರೆ ಅರಣ್ಯ ಇಲಾಖೆಯೂ ಸೇರುತ್ತದೆ, ಏಕೆಂದರೆ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಮಂಗಳೂರು, ಕಾರವಾರದಲ್ಲಿರುವ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರಗಳ ಸಲಹೆಯನ್ನು ಅಚ್ಚಿಗೆ ಮೊದಲೇ ಕೇಳಿ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕೃತಕ ಬಂಡೆಗೆ ನೆರವು ಕೊಡಲಾಗಿದೆ.

ಕಾಗದಕ್ಕಿಂತ ಕಷ್ಟದ್ದು ಮೀನುಗಾರರ ಒಪ್ಪಿಗೆ, ಮತ್ತು ಅದಿಲ್ಲದೆ ಶುರು ಮಾಡಬಾರದು. ಬ್ಲಾಕಿಗೆ ಸಿಕ್ಕಿ ಬಲೆ ಹರಿದರೆ ನಷ್ಟ ಅವರದೇ. ಇಳಿಸಿದ ಕೆಲವೇ ವಾರದಲ್ಲಿ ಮೀನು ಸೇರುತ್ತದೆ. ಅದು ಹುಟ್ಟಿದ ಮೀನಲ್ಲ, ಸುತ್ತಲಿನಿಂದ ಬಂದದ್ದು. ಆ ಹೊತ್ತಿಗೆ ಸುತ್ತ ಬಲೆ ಬೀಸಿದರೆ ಚದುರಿದ್ದ ಮೀನನ್ನು ಒಂದೆಡೆ ಕೂಡಿಸಿ ಹಿಡಿಯಲು ಕೊಟ್ಟಂತೆ, ಕಡಲಿಗೆ ಲಾಭವಿಲ್ಲ, ನಷ್ಟವೇ. ಬಂಡೆಯ ಸುತ್ತ ಬಲೆ ಬೇಡ, ಮೊದಲ ಎರಡು ವರ್ಷ ಗಾಳವೂ ಬೇಡ, ಆಮೇಲೆ ಗಾಳ ಮಾತ್ರ ಎನ್ನುವ ತೀರ್ಮಾನ ಮೀನುಗಾರರ ಸಂಘದ ಸಭೆಯಲ್ಲೇ ಆಗಿ, ಪುಸ್ತಕದಲ್ಲಿ ದಾಖಲಾಗಲಿ. ನಾಡದೋಣಿ, ಟ್ರಾಲ್, ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವರಿಯುವ ಬಲೆ) ಮೂರೂ ಕಡೆಯವರು ಆ ಸಭೆಯಲ್ಲಿರಬೇಕು.

ಇಳಿಸುವುದು

ನವೆಂಬರಿನಿಂದ ಫೆಬ್ರವರಿ ಒಳಗೆ ಮುಗಿಸಿ. ಜನವರಿಯೊಳಗೆ ಇಳಿದ ಬ್ಲಾಕಿಗೆ ಮಳೆಗಾಲಕ್ಕೆ ಮೊದಲು ಮೈತುಂಬ ಜೀವ ಹಿಡಿಯಲು ಸಮಯ ಸಿಗುತ್ತದೆ. 200 ಬ್ಲಾಕುಗಳಿದ್ದರೆ ಒಂದೇ ರಾಶಿ ಬೇಡ. 40ರ ಐದು ಗುಂಪು ಮಾಡಿ, ಗುಂಪಿನೊಳಗೆ ಬ್ಲಾಕಿನಿಂದ ಬ್ಲಾಕಿಗೆ 1ರಿಂದ 3 ಮೀಟರ್, ಗುಂಪಿನಿಂದ ಗುಂಪಿಗೆ 50 ಮೀಟರಾದರೂ ಬಿಡಿ. ಬಂಡೆಯ ಮೀನು ಮೇಯಲು ಹೋಗುವುದು ಸುತ್ತಲಿನ ಮರಳಿಗೆ, ಆ ಬಯಲೂ ನೆಲೆಯ ಭಾಗವೇ. ಗುಂಪಿನ ಉದ್ದ ಸೆಳೆತಕ್ಕೆ ಅಡ್ಡವಾಗಿರಲಿ.

ಕ್ರೇನ್ ಇರುವ ಬಾರ್ಜನ್ನು ನಾಲ್ಕು ಆಂಕರ್ ಹಾಕಿ ನಿಲ್ಲಿಸಿ. ಅಲೆ ಅರ್ಧ ಮೀಟರ್ ಮೀರಿದ ದಿನ ಕೆಲಸ ನಿಲ್ಲಿಸಿ. ಬ್ಲಾಕನ್ನು ಮೇಲಿನಿಂದ ಬಿಟ್ಟುಬಿಡುವುದು ಬಹಳ ಕೆಡುಕಿನ ಅಭ್ಯಾಸ. ಈ ಬ್ಲಾಕು ನೀರಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಬಿದ್ದು, ಗೋಡೆ ಬಿರಿಯುತ್ತದೆ ಇಲ್ಲವೇ ಅಡ್ಡಬೀಳುತ್ತದೆ. ತಳ ಮುಟ್ಟುವವರೆಗೂ ಹಗ್ಗದಲ್ಲೇ ಇಳಿಸಿ, ಭಾರ ಹೋದೊಡನೆ ತಾನೇ ಬಿಚ್ಚಿಕೊಳ್ಳುವ ಕೊಕ್ಕೆಯಿಂದ ಬಿಡಿಸಿ. ಇಳಿಸುವಾಗ ಕೆಳಗೆ ಮುಳುಗುಗಾರರು ಇರಕೂಡದು. ಪ್ರತಿ ಬ್ಲಾಕಿನ ಅಂಕಿ, ಜಿಪಿಎಸ್ ಸ್ಥಾನ, ಆಳ ಬರೆದುಕೊಳ್ಳಿ. ಆ ಪಟ್ಟಿಯನ್ನು ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಗೆ ಕಳಿಸಿದರೆ ನೌಕಾನಕ್ಷೆಯಲ್ಲಿ ಗುರುತಾಗುತ್ತದೆ. ಸಂಘದ ಕಚೇರಿಯಲ್ಲೂ ಒಂದು ಪ್ರತಿ ಗೋಡೆಗೆ ಅಂಟಿಸಿ, ಪ್ರತಿ ದೋಣಿಯ ಜಿಪಿಎಸ್‌ಗೂ ಹಾಕಿಸಿ.

ಆಮೇಲಿನ ಕೆಲಸ

ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಮಳೆಗಾಲ ಕಳೆದ ಮೇಲೆ, ವರ್ಷಕ್ಕೆ ನೋಡಿ. ಸೆಪ್ಟೆಂಬರಿನ ಕದಡಿದ ನೀರಲ್ಲಿ ಮುಳುಗಿ ಪ್ರಯೋಜನವಿಲ್ಲ, ಆಗ ಸೋನಾರ್ ಚಿತ್ರ ಸಾಕು. ಡಿಸೆಂಬರಿನಲ್ಲಿ ಮುಳುಗಿ. ಮೂಲೆಯ ಗೀರು ಎಷ್ಟು ಹೂತಿದೆ, ಎಷ್ಟು ವಾಲಿದೆ, ಹಲಗೆಯ ಅಂಚಿನಡಿ ಮರಳು ಕೊರೆದಿದೆಯೇ ಎಂದು ಮೊದಲು ನೋಡಬೇಕು. ಕೊರೆತ ಶುರುವಾಗಿದ್ದರೆ 10-15 ಸೆಂ.ಮೀ. ಗಾತ್ರದ ಕಪ್ಪುಕಲ್ಲನ್ನು ಅಂಚಿನ ಸುತ್ತ ತುಂಬಿಸಿ, ಬ್ಲಾಕು ವಾಲುವವರೆಗೆ ಕಾಯಬೇಡಿ.

ಮೀನು ಎಣಿಸುವಾಗ ಒಟ್ಟು ಸಂಖ್ಯೆ ಒಂದೇ ಬರೆದರೆ ಏನೂ ತಿಳಿಯುವುದಿಲ್ಲ, ಉದ್ದವನ್ನೂ ಬರೆಯಿರಿ. ಬೆರಳುದ್ದದ ಮರಿ ಮುರು, ಮರಿ ಕೆಂಬೇರಿ ವರ್ಷವರ್ಷವೂ ಕಾಣಿಸಿ, ಮುಂದಿನ ವರ್ಷ ಅದೇ ಗುಂಪು ದೊಡ್ಡದಾಗಿ ಕಂಡರೆ ಬಂಡೆ ಮೀನನ್ನು ಬೆಳೆಸುತ್ತಿದೆ. ದೊಡ್ಡ ಮೀನು ಮಾತ್ರ ಬಂದು ಹೋಗುತ್ತಿದ್ದು, ಹೋಲಿಕೆಯ ಜಾಗಗಳಲ್ಲಿ ಮೀನು ಇಳಿಯುತ್ತಿದ್ದರೆ ಅದು ಸೆಳೆಯುತ್ತಿದೆ ಅಷ್ಟೆ. ಆಗ ಹಿಡಿಯುವಿಕೆಯನ್ನು ಇನ್ನೂ ಕಡಿಮೆ ಮಾಡಿ, ಮುಂದಿನ ಗುಂಪಿನ ಬ್ಲಾಕುಗಳಲ್ಲಿ ಸಣ್ಣ ತೂತುಗಳನ್ನು ಹೆಚ್ಚಿಸಿ.

ಪ್ರತಿ ಮುಳುಗಿನಲ್ಲೂ ಸಿಕ್ಕಿಕೊಂಡ ಬಲೆ ಇದೆಯೇ ನೋಡಿ. ಒಂದೇ ತುಂಡು ಬಲೆ ತಿಂಗಳುಗಟ್ಟಲೆ ಮೀನು ಕೊಲ್ಲುತ್ತಲೇ ಇರುತ್ತದೆ, ಆಮೆಯನ್ನೂ. ಅದನ್ನು ದೋಣಿಗೆ ಕಟ್ಟಿ ಎಳೆಯಬೇಡಿ, ಬ್ಲಾಕಿನ ಮೈಯಲ್ಲಿ ಬೆಳೆದದ್ದೆಲ್ಲ ಕಿತ್ತುಬರುತ್ತದೆ. ಇಬ್ಬರು ಜೊತೆಯಾಗಿ ಇಳಿದು ಕತ್ತರಿಯಿಂದ ತುಂಡು ತುಂಡಾಗಿ ಬಿಡಿಸಿ, ಗಾಳಿಚೀಲಕ್ಕೆ ಕಟ್ಟಿ ಮೇಲೆ ಕಳಿಸಿ. ಜೀವ ಬಲವಾಗಿ ಹಿಡಿದ ಕಡೆ ಎಳೆಯನ್ನು ಬುಡದಲ್ಲಿ ಕತ್ತರಿಸಿ ಅಷ್ಟನ್ನು ಅಲ್ಲೇ ಬಿಡಿ.